ಕನಕಕೇಶ ಕಾರ್ಖಾನೆಗೆ ಹೊಂಬಣ್ಣದ ತಲೆಯೊಂದರ ಅರಿಕೆ

ಧಾರವಾಡ, ೪ ಮಾರ್ಚ್ ೧೯೩೭

ಮುಂಬಯಿಯ ಕನಕಕೇಶ ದ್ರಾವಣದ ಕಾರ್ಖಾನೆಯ ವ್ಯವಸ್ಥಾಪಕರ ಸನ್ನಿಧಿಗೆ, ಹೈಸ್ಕೂಲಿನ ಭೂಗೋಳದ ಮಾಸ್ತರ ರಮಾಕಾಂತ ಯಾದವಾಡನು ರುಮಾಲು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮಾಡುವ ಅರ್ಧ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ತಮ್ಮ ಕೂದಲು ಕಪ್ಪಾಗಿಯೇ ಇದೆಯೆಂದೂ ನಂಬುತ್ತೇನೆ, ಏಕೆಂದರೆ ಇಷ್ಟು ದೊಡ್ಡ ಕಾರ್ಖಾನೆ ನಡೆಸುವ ವಿವೇಕಿಗಳು ತಮ್ಮ ಸರಕನ್ನು ತಾವೇ ತಲೆಗೆ ಹಚ್ಚಿಕೊಳ್ಳುವ ದುಡುಕು ಮಾಡಲಾರರು. ಆ ದುಡುಕು ಮಾಡಿದವನು ನಾನು. ತಮ್ಮ ಬಾಟಲಿಯ ಮಹಿಮೆಯನ್ನು ತಮಗೆ ತಿಳಿಸುವುದು ಫಲಾನುಭವಿಯ ಕರ್ತವ್ಯವೆಂದು ಬಗೆದು, ಊರವರಿಗೂ ತಿಳಿಯಲೆಂದು ಬಹಿರಂಗವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಮೂವತ್ತೊಂದು ವಯಸ್ಸು. ನಮ್ಮೂರಿನ ಹವ್ಯಾಸಿ ನಾಟಕ ಮಂಡಳಿಯಲ್ಲಿ ಎಂಟು ವರ್ಷಗಳಿಂದ ನಾಯಕಿಯ ಪಾತ್ರ ನನ್ನದೇ. ಅದಕ್ಕಾಗಿ ಭುಜದ ತನಕ ಬೆಳೆಸಿದ ಕೂದಲನ್ನು ವರ್ಷವಿಡೀ ರುಮಾಲಿನೊಳಗೆ ಮಡಚಿಟ್ಟು, ನಾಟಕದ ದಿನ ಮಾತ್ರ ಬಿಚ್ಚುವುದು ನನ್ನ ವಾಡಿಕೆ. ಕಳೆದ ದೀಪಾವಳಿಗೆ ಮಂಡಳಿಯ ಕಾರ್ಯದರ್ಶಿ ವಕೀಲ ದತ್ತು, ತಾನೇ ಬರೆದ ಹೊಸ ನಾಟಕದಲ್ಲಿ ನನ್ನನ್ನು ವಿಲಾಯತಿಯಿಂದ ಬಂದ ಕಲೆಕ್ಟರನ ಹೆಂಡತಿಯನ್ನಾಗಿ ಮಾಡಿದ. ಹಿಂದೊಮ್ಮೆ ಇಂಥ ಪಾತ್ರಕ್ಕೆ ಪುಂಡಿನಾರನ್ನು ಅರಿಸಿನದಲ್ಲಿ ಅದ್ದಿ ಹುಸಿಗೂದಲಿನ ಟೋಪನ ಮಾಡಿದಾಗ, ನಾನು ರಂಗಕ್ಕೆ ಕಾಲಿಟ್ಟ ಕೂಡಲೆ ಹಿಂದಿನ ಸಾಲಿನವರೊಬ್ಬರು ಬಾವಿಯ ಹಗ್ಗ ಬಂತೆಂದು ಘೋಷಿಸಿದ್ದರು. ಆ ಅವಮಾನ ಮರುಕಳಿಸಬಾರದೆಂದು ದತ್ತು ಹುಬ್ಬಳ್ಳಿಗೆ ಹೋಗಿ, ದುರ್ಗದಬೈಲಿನ ಅಂಗಡಿಯೊಂದರಿಂದ ತಮ್ಮ ಬಾಟಲಿಯನ್ನು ತಂದು ಕೈಗಿತ್ತ. ಅದರ ಮೇಲೆ ಮೊಣಕಾಲಿನವರೆಗೆ ಬಂಗಾರದ ಕೂದಲು ಇಳಿಬಿಟ್ಟು ನಗುವ ಹೆಂಗಸಿನ ಚಿತ್ರವಿತ್ತು. ಆಕೆ ಯಾಕೆ ನಗುತ್ತಿದ್ದಾಳೆಂಬುದು ನನಗೆ ಆಗ ಹೊಳೆಯಲಿಲ್ಲ.

ತಮ್ಮ ಸೂಚನಾಪತ್ರ ಒಂದು ಅಮೂಲ್ಯ ಗ್ರಂಥ. ‘ಕಾಲು ತಾಸು ಬಿಟ್ಟು ತೊಳೆಯಿರಿ, ಬಯಸಿದ ಬಣ್ಣ ಬಾರದಿದ್ದರೆ ಮತ್ತೆ ಹಚ್ಚಿರಿ’ ಎಂದು ಅದರಲ್ಲಿದೆ. ಎಷ್ಟು ಸಲ ಎಂದು ಬರೆದು ಗ್ರಾಹಕರ ಸ್ವಾತಂತ್ರ್ಯಕ್ಕೆ ತಾವು ಧಕ್ಕೆ ತಂದಿಲ್ಲ. ಭಾನುವಾರ ಮುಂಜಾನೆ ಬಚ್ಚಲಿನಲ್ಲಿ ಕೂತು ಮೊದಲ ಸಲ ಹಚ್ಚಿದಾಗ ನನ್ನ ತಲೆ ಹಸಿ ಇಟ್ಟಿಗೆಯ ಬಣ್ಣಕ್ಕೆ ಬಂತು. ಎರಡನೆಯ ಸಲಕ್ಕೆ ಗಜ್ಜರಿಯಾಯಿತು. ಮೂರನೆಯ ಸಲಕ್ಕೆ, ಅರಿಸಿನ ಹೆಚ್ಚಾದ ಚುರಮುರಿಯ ಹಳದಿಯೊಂದು ಮೂಡಿತು, ಮತ್ತು ನನ್ನ ಎರಡು ಹುಬ್ಬುಗಳು ಮಾತ್ರ ಎಂದಿನಂತೆ ಕಪ್ಪಾಗಿಯೇ ಉಳಿದು, ಆ ಹಳದಿಯ ಕೆಳಗೆ ಪರವೂರಿನವರಂತೆ ಕಾಣತೊಡಗಿದವು. ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಅಂಬಾಬಾಯಿ ಹೊರಗೆ ಕೂತು, ಈ ನಾತ ಎಲ್ಲಿಯದು, ಮೋರಿ ತೊಳೆಯುತ್ತಿದ್ದೀಯಾ ಎಂದು ಮೂರು ಸಲವೂ ಕೇಳಿದಳು. ನಾನು ಮೂರು ಸಲವೂ ಹೌದೆಂದೆ.

ಮಾನ್ಯರೇ, ತಮ್ಮ ಕೃಪೆಯಿಂದ ನಾನು ಸಿದ್ಧನಾದೆ. ನಾಟಕ ಮಾತ್ರ ಆಗಲಿಲ್ಲ. ನಾವು ಗೊತ್ತುಮಾಡಿದ್ದ ಥಿಯೇಟರನ್ನು ಅದರ ಮಾಲೀಕರು ಟಾಕಿ ಚಿತ್ರದವರಿಗೆ ಕೊಟ್ಟರು. ಟಾಕಿ ನಿಲ್ಲಲೊಲ್ಲದು, ಜನ ಬಿಡಲೊಲ್ಲರು. ನಾಟಕವನ್ನು ಮುಂದೆ ಹಾಕಬಹುದು. ತಲೆಯನ್ನು ಎಲ್ಲಿ ಹಾಕಲಿ? ಎಣ್ಣೆದೀಪದ ಮಸಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಬಳಿದುಕೊಂಡು ನೋಡಿದೆ. ಹೆಡ್‌ಮಾಸ್ತರರು ವರ್ಗದಲ್ಲಿ ಕೂತು ನನ್ನ ಪಾಠ ಪರೀಕ್ಷಿಸುತ್ತಿದ್ದ ದಿನ, ನೈಲ್ ನದಿಯ ಉಗಮವನ್ನು ವಿವರಿಸುವಾಗಲೇ ರುಮಾಲಿನೊಳಗಿನಿಂದ ಎರಡು ಕಪ್ಪು ಉಪನದಿಗಳು ಹುಟ್ಟಿ, ಮೂಗಿನ ಬಳಿ ಸಂಗಮವಾಗಿ, ಗದ್ದದಿಂದ ಹಾಜರಿಯ ಪುಸ್ತಕಕ್ಕೆ ಧುಮುಕಿದವು. ಪಾಠ ಕಣ್ಣಿಗೆ ಕಟ್ಟುವಂತಿತ್ತೆಂದು ಅವರು ಷರಾ ಬರೆದರು.

ಕೊನೆಗೆ ತಲೆ ಬೋಳಿಸಿಬಿಡುವುದೆಂದು ನಿರ್ಧರಿಸಿ, ಅತ್ತೆಯ ಮುಂದೆ ರುಮಾಲು ತೆಗೆದು ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಹತ್ತಿರ ಬಂದು ಒಂದೆಳೆ ಹಿಡಿದು ನೋಡಿದಳು. ಬೈಯಲಿಲ್ಲ.

“ಯಾರು ಸತ್ತಾರಂತ ಬೋಳಿಸಿಗೋತಿ?” ಎಂದಳು. “ನನ್ನ ತಲಿಮ್ಯಾಲೆ ಹದಿನೇಳನೇ ವರ್ಷಕ್ಕ ಕತ್ತಿ ಆಡಸ್ಯಾರ. ಇನ್ನೂ ಆಡಸ್ಲಿಕ್ಕತ್ತಾರ. ಈ ಮನ್ಯಾಗ ಇನ್ನೊಂದು ತಲಿಗೆ ಬ್ಯಾಡ. ಹಳದಿ ಇದ್ದರ ಇರಲಿ, ಕೂದಲ ಅವ ಅಲ್ಲ?”

ಆಕೆ ತಲೆಯ ಮೇಲೆ ಹೊದ್ದ ಸೆರಗಿನ ಒಳಗಿರುವ ಬೋಳನ್ನು ಕುರಿತು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ನಾಪಿತನನ್ನು ಕರೆಯಲಿಲ್ಲ. ಅಂದಿನಿಂದ ಅತ್ತೆ ದಿನವೂ ಕೊಬ್ಬರಿ ಎಣ್ಣೆ ಹಚ್ಚಿ ನನ್ನ ತಲೆ ಬಾಚತೊಡಗಿದಳು. ಬಾಚಣಿಗೆಯಲ್ಲಿ ತುಂಡಾಗಿ ಬಂದ ಕೂದಲನ್ನು ನನಗೆ ಕಾಣದಂತೆ ಒಲೆಗೆ ಹಾಕುತ್ತಿದ್ದಳು.

ಇಷ್ಟಾಗುವಷ್ಟರಲ್ಲಿ ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ರಜನಿ, ಇಪ್ಪತ್ತು ವಯಸ್ಸು, ಮ್ಯಾಟ್ರಿಕ್ ಆದವಳು. ತಂದೆ ವೆಂಕಣ್ಣನವರು ರೇಲ್ವೆ ಆಫೀಸಿನಲ್ಲಿ ಕಾರಕೂನರು. ಸಂಕ್ರಾಂತಿ ಕಳೆದ ಮೇಲೆ ಕನ್ಯೆ ನೋಡಲು ಹೊರಟೆವು. ವಿಧವೆಯಾದ ಅತ್ತೆ ಶುಭಕಾರ್ಯಕ್ಕೆ ಬರಲೊಲ್ಲೆನೆಂದದ್ದರಿಂದ, ಹಿರಿಯರಾಗಿ ಬಂದವರು ದತ್ತುವಿನ ತಾಯಿ ಕಾಶೀಬಾಯಿ. ನಾನು ರುಮಾಲನ್ನು ಕಿವಿ ಮುಚ್ಚುವಂತೆ ಸುತ್ತಿ, ಮೇಲೆ ನಾಲ್ಕು ಟಾಚಣಿ ಚುಚ್ಚಿದ್ದೆ.

ಅವಲಕ್ಕಿ, ಚಹಾ, ಒಂದು ದೇವರನಾಮ ಎಲ್ಲವೂ ಕ್ರಮವಾಗಿ ನಡೆದವು. ಆಮೇಲೆ ಕಾಶೀಬಾಯಿ ಎದ್ದು, ಈಗಿನ ಕಾಲದಲ್ಲಿ ಎಲ್ಲರೂ ಚೌರಿ ಸೇರಿಸಿ ಹೆಣೆಯುತ್ತಾರೆಂದು ಹೇಳಿ, ಹುಡುಗಿಯ ಜಡೆಯನ್ನು ಬುಡದಿಂದ ತುದಿಯವರೆಗೆ ಬಿಚ್ಚಿ, ಎಳೆದು, ಬೆಳಕಿಗೆ ಹಿಡಿದು ನೋಡಿ, ಖರೇ ಕೂದಲೆಂದು ತೀರ್ಪು ಕೊಟ್ಟರು. ಹುಡುಗಿ ನೆಲ ನೋಡುತ್ತ ಕೂತಿದ್ದಳು. ನಾನು ಛಾವಣಿ ನೋಡುತ್ತಿದ್ದೆ. ಆಕೆ ಮೆಲ್ಲಗೆ ತನ್ನ ಜಡೆಯನ್ನು ತಾನೇ ಹೆಣೆದುಕೊಂಡು, ತಂದೆಯ ಕಡೆ ತಿರುಗಿ, ಬಹಳ ಸಾವಕಾಶವಾಗಿ ಹೇಳಿದಳು:

“ಅಪ್ಪಾ, ಅವರ ರುಮಾಲೂ ತೆಗಿಲಿಕ್ಕೆ ಹೇಳ್ರಿ. ಒಳಗ ಏನದ ಅಂತ ನಮಗೂ ಗೊತ್ತಾಗಬೇಕಲ್ಲ.”

ವೆಂಕಣ್ಣನವರು ಮಗಳನ್ನು ಗದರಿಸಿ ನನ್ನ ಕ್ಷಮೆ ಕೇಳಿದರು. ನೆಗಡಿಯೆನ್ನಬಹುದಿತ್ತು. ತಲೆನೋವೆನ್ನಬಹುದಿತ್ತು. ಎರಡನ್ನೂ ದಾರಿಯಲ್ಲಿಯೇ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಅವಳ ಜಡೆಯ ಮೇಲೆ ಆಡಿದ ಕೈಗಳನ್ನು ಆಗಷ್ಟೇ ನೋಡಿದ್ದ ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಟಾಚಣಿಗಳನ್ನು ಒಂದೊಂದಾಗಿ ಕಿತ್ತು ರುಮಾಲು ತೆಗೆದೆ. ಬುಡದಲ್ಲಿ ಒಂದಂಗುಲ ಕಪ್ಪು, ಅಲ್ಲಿಂದ ಭುಜದವರೆಗೆ ತಮ್ಮ ಕಾರ್ಖಾನೆಯ ಕೀರ್ತಿ.

ಕಾಶೀಬಾಯಿ ಗೋಡೆ ಹಿಡಿದು ಕೂತರು. ವೆಂಕಣ್ಣನವರ ಚಹಾ ಬಶಿಯಲ್ಲಿಯೇ ಉಳಿಯಿತು. ಹುಡುಗಿ ಮಾತ್ರ ತಲೆಯೆತ್ತಿ, ಇದು ಚೌರಿಯೋ ಎಂದು ಕೇಳಿದಳು. ಅಲ್ಲ, ನನ್ನದೇ ಎಂದೆ. ಮೇಮಸಾಹೇಬಳ ಪಾತ್ರದಿಂದ ಹಿಡಿದು ಮೋರಿಯ ಸುಳ್ಳು ಮತ್ತು ಅತ್ತೆಯ ಮಾತಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿ ಮುಗಿಸಿದಾಗ ಮೂರು ತಿಂಗಳ ಭಾರ ಇಳಿದಂತಾಯಿತು. ವೆಂಕಣ್ಣನವರು ಜಾತಕ ನೋಡಿ ತಿಳಿಸುತ್ತೇವೆಂದರು. ಆ ಮಾತಿಗೆ ನಮ್ಮ ಕಡೆ ಏನು ಅರ್ಥವೆಂಬುದು ಮುಂಬಯಿಯಲ್ಲಿರುವ ತಮಗೂ ಗೊತ್ತಿರಬಹುದು.

ಹಾಗಾಗಿ ಆಗಲೇ ತಮಗೆ ಪತ್ರ ಬರೆಯಲು ಕೂತಿದ್ದೆ. ಕಳೆದುಹೋದ ನನ್ನ ಕಪ್ಪನ್ನು ಒಂದು ಡಬ್ಬಿಯಲ್ಲಿ ಹಾಕಿ ಮರುಟಪಾಲಿಗೆ ಕಳಿಸಬೇಕೆಂದೂ, ಸಾಧ್ಯವಾಗದಿದ್ದರೆ ಬಾಟಲಿಯ ಮೇಲಿನ ಆ ಹೆಂಗಸನ್ನೇ ಹುಬ್ಬಳ್ಳಿಗೆ ಕಳಿಸಿ ವೆಂಕಣ್ಣನವರ ಮುಂದೆ ಸಾಕ್ಷಿ ಹೇಳಿಸಬೇಕೆಂದೂ, ಅದೂ ಆಗದಿದ್ದರೆ ಸರಕಾರಕ್ಕೆ ಅರ್ಜಿ ಕೊಟ್ಟು ಇಡೀ ಧಾರವಾಡ ಜಿಲ್ಲೆಯ ತಲೆಗಳಿಗೆ ತಮ್ಮ ದ್ರಾವಣ ಹಚ್ಚಿಸಿ ನನ್ನನ್ನು ಗುಂಪಿನಲ್ಲಿ ಮರೆಮಾಡಬೇಕೆಂದೂ ವಿನಂತಿಸುವವನಿದ್ದೆ. ಮೂರನೆಯದು ತಮ್ಮ ವ್ಯಾಪಾರಕ್ಕೂ ಒಳ್ಳೆಯದಿತ್ತು.

ಆದರೆ ಎಂಟು ದಿನಕ್ಕೆ ವೆಂಕಣ್ಣನವರು ಸ್ವತಃ ನಮ್ಮ ಮನೆಗೆ ಬಂದರು. ಅತ್ತೆ ಕೊಟ್ಟ ನೀರು ಕುಡಿದು, ಕೊಡೆಯನ್ನು ಗೋಡೆಗೆ ಒರಗಿಸಿಟ್ಟು ಮಾತು ತೆಗೆದರು.

“ನಾ ಬ್ಯಾಡ ಅಂತ ಬರದು ಹಾಕವ್ನಿದ್ದೆ, ಬಾಯಾರ. ಮಗಳು ಕಾರ್ಡು ಕಸಗೊಂಡಳು. ‘ಈತನಕ ಐದು ಮನಿಯವರು ಬಂದು ನನ್ನ ಜಡಿ ಬಿಚ್ಚಿ ನೋಡ್ಯಾರ. ಕೇಳಿದ ಕೂಡಲೆ ರುಮಾಲ ತಗದವರು ಇವರೊಬ್ಬರs’ ಅಂದಳು. ಅದಕ್ಕ ಹೂಂ ಅನ್ನಲಿಕ್ಕೆ ಬಂದೇನ್ರಿ.”

ಅತ್ತೆ ಒಳಗೆ ಹೋಗಿ ದೇವರ ಮುಂದೆ ಸಕ್ಕರೆ ಇಟ್ಟು ಬಂದಳು. ವೈಶಾಖದಲ್ಲಿ ಲಗ್ನ. ಅತ್ತೆ ಮಂಟಪದೊಳಗೆ ಎಲ್ಲರ ಮುಂದೆ ಕೂತಿರಬೇಕೆಂಬುದು ಹುಡುಗಿ ಹೇಳಿ ಕಳಿಸಿದ ಒಂದೇ ಷರತ್ತು. ಮೊದಲು ಒಲ್ಲೆನೆಂದ ಅತ್ತೆ, ಈಗ ಯಾವ ಸೀರೆ ಉಡಲಿ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಾಳೆ.

ಆದ್ದರಿಂದ, ಮಾನ್ಯರೇ, ದೂರೆಂದು ಆರಂಭವಾದ ಈ ಪತ್ರವನ್ನು ಏನೆಂದು ಮುಗಿಸಬೇಕೆಂಬುದು ನನಗೆ ತಿಳಿಯದಾಗಿದೆ. ತಾವು ನನ್ನ ಕೂದಲನ್ನು ಕೆಡಿಸಿದ್ದೀರಿ. ಅದು ಈಗಲೂ ತುಂಡಾಗಿ ಉದುರುತ್ತಿದೆ, ಅಕ್ಷತೆ ಬೀಳುವ ಹೊತ್ತಿಗೆ ತಲೆಯಲ್ಲಿ ಎಷ್ಟು ಉಳಿದೀತೋ ಹೇಳಲಾರೆ. ಅದಕ್ಕಾಗಿ ತಮ್ಮನ್ನು ಕ್ಷಮಿಸಲಾರೆ. ಲಗ್ನಕ್ಕೆ ಕರೆಯದೆಯೂ ಇರಲಾರೆ. ಬರುವುದಾದರೆ ಬರಿಗೈಯಲ್ಲಿ ಬನ್ನಿ.

ಇನ್ನೂ ಕೆಲವು ತಿಂಗಳು ದೂರದಿಂದಲೇ ಗುರುತು ಸಿಗುವ,
ತಮ್ಮ ವಿಶ್ವಾಸಿ,
ರಮಾಕಾಂತ ಯಾದವಾಡ

ತಾ. ಕ.: ಲಗ್ನ ಗೊತ್ತಾದ ಸುದ್ದಿ ಹಬ್ಬಿದ ಮೇಲೆ ನಮ್ಮ ಶಾಲೆಯ ಮೂವರು ಅವಿವಾಹಿತ ಮಾಸ್ತರರು ತಮ್ಮ ಕಾರ್ಖಾನೆಯ ವಿಳಾಸ ಕೇಳಿಕೊಂಡು ಹೋಗಿದ್ದಾರೆ. ಇದರಲ್ಲಿ ದ್ರಾವಣದ ಪಾತ್ರವೇನೂ ಇಲ್ಲ, ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕೆಂದು ನಾನು ಎಷ್ಟೋ ತಿಳಿಸಿ ಹೇಳಿದೆ. ಅದಕ್ಕಿಂತ ಬಾಟಲಿಯೇ ಸುಲಭವೆಂದು ಮೂವರೂ ಅಭಿಪ್ರಾಯಪಟ್ಟರು.