ಮೂಗಿನ ಮಾನ ಫ್ರಿಜ್ಜಿನ ಪಾಲು

ನಮ್ಮ ಮನೆಯ ಫ್ರಿಜ್ಜಿನ ದುರ್ವಾಸನೆಯನ್ನು ಒಂದೇ ಭಾನುವಾರದಲ್ಲಿ ನಿರ್ನಾಮ ಮಾಡುತ್ತೇನೆಂದು ನಾನು ಘೋಷಿಸಿದಾಗ ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ನನಗೆ ಮೈ ಉರಿಯಿತು. ನಾನೇನು ಹಾದಿಯಲ್ಲಿ ಹೋಗುವ ದಾಸಯ್ಯನೇ? ಸಾಬೂನು ಕಾರ್ಖಾನೆಯ ಪರಿಮಳ ಪರೀಕ್ಷಕ! ನಾನು ಮೂಸಿ ತಲೆಯಾಡಿಸದೆ ಅಲ್ಲಿಂದ ಒಂದು ಸಾಬೂನೂ ಹೊರಬೀಳುವುದಿಲ್ಲ. ಲೋಕದವರೆಲ್ಲ ಕೈಯಿಂದಲೋ ತಲೆಯಿಂದಲೋ ದುಡಿದರೆ, ಮೂಗಿನಿಂದ ಸಂಸಾರ ಸಾಕುತ್ತಿರುವವನು ನಾನು. ಅಂಥವನ ಮನೆಯ ಫ್ರಿಜ್ಜು ತೆರೆದರೆ ಸತ್ತ ಇಲಿಯ ನಾತವೆಂದರೆ ಹೇಳಿಕೊಳ್ಳುವುದಕ್ಕೂ ನಾಚಿಕೆ.

ಸೋಡಾ ಪುಡಿ ಕಲಸಿದ ನೀರಿನಿಂದ ಮೂಲೆಮೂಲೆ ಒರೆಸಿದೆ. ಬಟ್ಟಲಲ್ಲಿ ಇದ್ದಿಲಿಟ್ಟೆ. ನಿಂಬೆಹಣ್ಣು ಹೋಳು ಮಾಡಿಟ್ಟೆ, ಕಾಫಿಪುಡಿ ಹರಡಿದೆ. ಸಂಜೆ ತೆರೆದು ಮೂಸಿದರೆ ಇಲಿ ಕಾಫಿ ಕುಡಿದು ಸತ್ತ ಹಾಗಿತ್ತು! ಹೆಂಡತಿ ಮೂಗು ಮುರಿದಳು. ಹಾಲಿಗೂ ಅದೇ ವಾಸನೆ ಹತ್ತಿದೆಯೆಂದು ಲೋಟವನ್ನು ನನ್ನೆದುರು ಕುಕ್ಕಿದಳು.

ಇನ್ನು ಉಳಿದಿದ್ದು ಒಂದೇ, ನಡುವಿನ ಅರೆಯಲ್ಲಿದ್ದ ಅತ್ತೆಯ ಬಾಟಲಿ. ಮಂಡಿನೋವಿಗೆಂದು ಬೆಳ್ಳುಳ್ಳಿ, ಸೊಪ್ಪು ಹಾಕಿ ಅವರೇ ಕಾಯಿಸಿದ ಹಸಿರೆಣ್ಣೆ. ಅತ್ತೆ ಎಂದರೆ ನಮ್ಮ ಮನೆಯ ಕಂಬ. ನಾವಿಬ್ಬರೂ ಕೆಲಸಕ್ಕೆ ಹೋದಾಗ ನಮ್ಮ ಅವಳಿ ಮಕ್ಕಳನ್ನು ಹಿಡಿದು ನಿಲ್ಲಿಸುವ ಶಕ್ತಿ ಇರುವುದು ಅವರೊಬ್ಬರಿಗೇ. ಹಾಗೆಂದು ಸತ್ಯವನ್ನು ನುಂಗಿಕೊಳ್ಳುವುದಕ್ಕಾಗುತ್ತದೆಯೇ?

“ತಪ್ಪು ತಿಳ್ಕೋಬೇಡಿ ಅತ್ತೆ. ನಾತ ನಿಮ್ಮ ಎಣ್ಣೇದೇ. ನನ್ನ ಮೂಗು ಸುಳ್ಳು ಹೇಳಲ್ಲ.”

“ಅಂದ್ರೆ ನಾನು ಸುಳ್ಳು ಅಂತಾಯ್ತು,” ಎಂದು ಅತ್ತೆ ಮಂಚದಡಿಯಿಂದ ಸೂಟ್‌ಕೇಸ್ ಎಳೆದರು. “ದೊಡ್ಡ ಅಳಿಯಂದ್ರ ಮನೆ ಫ್ರಿಜ್ಜಲ್ಲಿ ಬೇಕಾದಷ್ಟು ಜಾಗ ಇದೆ.”

ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕ. ಫೋನ್ ಹೋದದ್ದೇ ತಡ, ಈಗಲೇ ಕಾರು ತರುತ್ತೇನೆಂದನಂತೆ. ನನ್ನ ಮನೆಯಲ್ಲಿ ಹುಳುಕು ಹುಡುಕಲು ಕಾದು ಕೂತವನು ಅವನು!

“ಅಮ್ಮ ಹೊಸ್ತಿಲು ದಾಟಿದ್ರೆ ನಾಳೆಯಿಂದ ಮಕ್ಕಳನ್ನ ನೀವೇ ಕಾರ್ಖಾನೆಗೆ ಕರ್ಕೊಂಡ್ಹೋಗಿ,” ಎಂದಳು ಹೆಂಡತಿ. “ಅವರನ್ನೂ ಮೂಸ್ತಾ ಕೂತ್ಕೊಳ್ಳಿ.”

ನಾನು ಜಗ್ಗಲಿಲ್ಲ. ಎಣ್ಣೆ ಬಾಟಲಿ ಟವೆಲ್ ಸುತ್ತಿಕೊಂಡು ಸೂಟ್‌ಕೇಸ್ ಸೇರಿತು. ಸ್ವಲ್ಪ ಹೊತ್ತು ಬಿಟ್ಟು, ವಿಜಯೋತ್ಸವದ ಗತ್ತಿನಲ್ಲಿ ಫ್ರಿಜ್ಜಿನ ಬಾಗಿಲು ತೆರೆದೆ. ನಾತ ಮೊದಲಿಗಿಂತ ಜೋರಾಗಿತ್ತು. ಇಷ್ಟು ದಿನ ಬೆಳ್ಳುಳ್ಳಿಯೇ ಅದನ್ನು ಅಷ್ಟಿಷ್ಟು ಅಡಗಿಸಿತ್ತೆಂದು ಕಾಣುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಒಳಬಂದ ಷಡ್ಡಕ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಈ ಮನೆಯಲ್ಲಿ ಯಾರೂ ಇಲಿ ಹಿಡಿಯುವುದಿಲ್ಲವೇ ಎಂದು ವಿಚಾರಿಸಿದ.

ರೋಷ ನೆತ್ತಿಗೇರಿತು. ಫ್ರಿಜ್ಜನ್ನು ಬರಿದು ಮಾಡಿದೆ. ನನ್ನ ಲೆಕ್ಕದಲ್ಲಿ ಉಳಿದದ್ದು ಬಾಗಿಲಿನ ತಟ್ಟೆಯಲ್ಲಿದ್ದ ಮೊಟ್ಟೆಗಳು ಮಾತ್ರ. ಸಿಕ್ಕಿಬಿದ್ದವು! ಎಲ್ಲರೆದುರು ಒಂದೊಂದಾಗಿ ಪಾತ್ರೆಗೆ ಒಡೆದೆ. ಹಾಳು ಮೊಟ್ಟೆಗಳು, ಒಂದಕ್ಕಿಂತ ಒಂದು ತಾಜಾ!

ಅತ್ತೆ ನಿಧಾನವಾಗಿ ಎದ್ದು ಬಂದರು. ಖಾಲಿ ತಟ್ಟೆಯ ಮೂಲೆಗೆ ಕೈಹಾಕಿ ಹೆಬ್ಬೆರಳ ಗಾತ್ರದ ಕಂದು ಸೀಸೆಯೊಂದನ್ನು ತೆಗೆದು ಹಿಡಿದರು.

“ಅಳಿಯಂದ್ರೇ, ಇದು ಯಾರದು?”

ನನ್ನದೇ. ಕಾರ್ಖಾನೆಯ ತಂಪು ಕೋಣೆ ರಿಪೇರಿಗೆ ಬಿದ್ದಿದ್ದರಿಂದ, ಕೆಡಬಾರದೆಂದು ನಾನೇ ಮನೆಗೆ ತಂದಿಟ್ಟಿದ್ದ ಮಲ್ಲಿಗೆ ಸತ್ವ. ಬೆಳಿಗ್ಗೆ ಬಾಗಿಲು ಒರೆಸುವಾಗಲೂ ಅದನ್ನು ಭಕ್ತಿಯಿಂದ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟಿದ್ದೆ. ಈಗ ನೋಡಿದರೆ ಮುಚ್ಚಳ ಅರ್ಧ ಸಡಿಲ. ಆದರೂ ಇದೆಂಥ ಅನ್ಯಾಯದ ಆರೋಪ!

“ಅದು ನಾತ ಅಲ್ಲ, ಮಲ್ಲಿಗೆ! ಗಟ್ಟಿಯಾಗಿದ್ದಾಗ ಹೀಗೇ ಇರುತ್ತೆ. ಹಂಡೆಗೊಂದು ತೊಟ್ಟು ಹಾಕಿ ನೋಡಿ, ಘಮ್ ಅನ್ನುತ್ತೆ.”

“ಹಾಗಾದ್ರೆ ಹಂಡೇನೂ ತಂದಿಡಬೇಕಿತ್ತು,” ಎಂದಳು ಹೆಂಡತಿ.

ದಿನವೂ ಕಾರ್ಖಾನೆಯಲ್ಲಿ ಕಣ್ಣುಮುಚ್ಚಿ ಆಹಾ ಎನ್ನುವ ವಾಸನೆಯೇ ಮನೆಯಲ್ಲಿ ನನಗೆ ಸತ್ತ ಇಲಿಯಾಗಿತ್ತು. ಸೀಸೆಯ ಮೇಲಿನ ಚೀಟಿ ಓದಿಕೊಂಡು ಮೂಸುವ ಮೂಗನ್ನು ಇದೇ ಮೊದಲು ನೋಡಿದ್ದೆಂದು ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ಬೇರೆ ದಾರಿಯಿಲ್ಲದೆ ನಾನೇ ಅತ್ತೆಯ ಸೂಟ್‌ಕೇಸ್ ಹೊತ್ತುಕೊಂಡು ಹೋಗಿ ಮಂಚದಡಿ ಇಟ್ಟೆ.

ಅತ್ತೆ ಉಳಿದುಕೊಂಡರು, ಆದರೆ ಒಂದು ಷರತ್ತಿನ ಮೇಲೆ. ಹಸಿರೆಣ್ಣೆಯ ಬಾಟಲಿ ಈಗ ಬಾಗಿಲಿನ ತಟ್ಟೆಯಲ್ಲಿ ವಿರಾಜಮಾನವಾಗಿದೆ. ದಿನ ಬೆಳಗಾದರೆ, ನಾನು ಕೆಲಸಕ್ಕೆ ಹೊರಡುವ ಮುನ್ನ, ಅವರು ಅದರ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿಯುತ್ತಾರೆ.

“ಹೇಗಿದೆ ಅಳಿಯಂದ್ರೇ?”

“ಪರಿಮಳ, ಅತ್ತೆ.”

ಕಾರ್ಖಾನೆಯಲ್ಲಿ ಎಷ್ಟೋ ಸಾಬೂನುಗಳನ್ನು ನಾನು ನಿರ್ದಾಕ್ಷಿಣ್ಯವಾಗಿ ನಪಾಸು ಮಾಡಿದ್ದೇನೆ. ಆ ಎಣ್ಣೆ ಮಾತ್ರ ಈವರೆಗೆ ಒಮ್ಮೆಯೂ ನಪಾಸಾಗಿಲ್ಲ.