ಬಂಡಿಗೊಂದು ಸದ್ದು

ಎಲ್ಲಕ್ಕೂ ಕಾರಣ ಒಂದು ಹಳೆಯ ಫೋಟೋ. ಅದರಲ್ಲಿ ಒಂದು ಯುದ್ಧವಾಹನವಿತ್ತು. ಹೊಟ್ಟೆಯೊಳಗೆ ಎಂಟು ಸೈನಿಕರನ್ನು ಕೂರಿಸಿಕೊಂಡು ಹೋಗಿ, ದಾರಿಯಲ್ಲಿ ತಾನೂ ಗುಂಡು ಹಾರಿಸುವ ಜಾತಿಯದು. ಅದರ ಮೊಟ್ಟಮೊದಲ ಮಾದರಿ. ಮಾಡಿದ್ದು ಒಂದೇ. ಸೈನ್ಯ ಬೇಡವೆಂದಿತು, ಉಳಿದದ್ದು ಈ ಫೋಟೋ.

ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟ ತಯಾರಿಸುವ ಆ ಕಚೇರಿಯಲ್ಲಿ, ಬಂಡಿಗಳಿಗೆ ಸದ್ದು ಕೂಡಿಸುವವನನ್ನು ಎಲ್ಲರೂ ಸದ್ದಣ್ಣ ಎನ್ನುತ್ತಿದ್ದರು. ಮನುಷ್ಯ ಮಾತ್ರ ಮೆತ್ತಗೆ. ಎರಡು ವರ್ಷದಿಂದ ರಜೆ ಕೇಳುತ್ತಿದ್ದ, ಯಾರಿಗೂ ಕೇಳಿಸದಷ್ಟು ಮೆತ್ತಗೆ. ಈ ಸಲ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಸಂಜೆ ಆರರ ರೈಲಿಗೆ ಟಿಕೆಟ್ ಮಾಡಿಸಿಬಿಟ್ಟಿದ್ದ. ಹಳಿ ಕಚೇರಿಯ ಹಿಂದೆಯೇ.

ಬೆಳಿಗ್ಗೆ ಯಜಮಾನರು ಫೋಟೋ ಮುಂದಿಟ್ಟರು. "ಐದಕ್ಕೆ ಈ ಬಂಡಿ ಆಟಕ್ಕೆ ಸೇರ್ಬೇಕು. ಇಂಜಿನ್ ಸದ್ದು ಕೊಟ್ಟು ರಜೆ ಮೇಲೆ ಹೋಗಿ. ನಿಜವಾದ್ದೇ ಅನ್ನಿಸ್ಬೇಕು. ಹೋದ ಸಲ ಒಂದು ಬೋಲ್ಟ್ ಹೆಚ್ಚಾಯ್ತು ಅಂತ ಮುನ್ನೂರು ಜನ ಬೈದು ಬರೆದ್ರು."

"ಇದರ ಇಂಜಿನ್ ಯಾರೂ ಕೇಳೇ ಇಲ್ವಲ್ಲ ಸಾರ್."

"ನೀವು ಕೇಳಿಸಿ."

ಸದ್ದಣ್ಣ ಮೈಕು ಹೊರತೆಗೆದ. ಗಡಿಯಾರ ನೋಡಿದ. ಮತ್ತೆ ನೋಡಿದ, ಅಷ್ಟರಲ್ಲಿ ಅದು ಒಂದೇ ನಿಮಿಷ ಸರಿದಿತ್ತು.

ಬಂಡಿಗಳಿಗೆ ಬಣ್ಣ ತುಂಬುವ ಹುಡುಗಿ ಇಣುಕಿದಳು. "ಕ್ಯಾಂಟೀನಿನ ಮಿಕ್ಸಿ ಹಿಡೀರಿ ಸದ್ದಣ್ಣ. ಥೇಟ್ ಯುದ್ಧ."

ಮೈಕು ಹಿಡಿದು ಓಡಿದ. ಸದ್ದಿನ ಮೇಲೆ ದೂರು ಹೇಳಲು ಬಂದಿದ್ದಾನೆಂದುಕೊಂಡ ಅಡುಗೆಯವನು ಮಿಕ್ಸಿ ಆರಿಸಿ, ಪಾಪ, ಒಂದು ಲೋಟ ಟೀ ಕೊಟ್ಟು ಕಳಿಸಿದ. ಗೇಟಿನ ಕಾವಲುಗಾರ ತನ್ನ ಸ್ಕೂಟರು ಕೊಡುತ್ತೇನೆಂದ. ಮೂವತ್ತು ಸಲ ಒದ್ದ ಮೇಲೆ ಅದು ಮುದುಕನ ಹಾಗೆ ಕೆಮ್ಮಿ, ಸದ್ದಣ್ಣನ ಅಂಗಿಗೆಲ್ಲ ಮಸಿ ಉಗುಳಿ ಸುಮ್ಮನಾಯಿತು.

"ಇದು ಬಂಡಿಯಲ್ಲ, ನೆಗಡಿ," ಎಂದರು ಅದನ್ನು ಕೇಳಿದ ಯಜಮಾನರು.

ಹೆಂಡತಿಯ ಫೋನು ಬಂತು. "ರೀ, ಚೀಲ ಕಟ್ಟಿಟ್ಟಿದೀನಿ. ಈ ಸಲ ಸಮುದ್ರಾನೋ, ಇಲ್ಲಾ ಸಮುದ್ರದ ಸದ್ದು ಕೇಳಿಸಿಬಿಡ್ತೀರೋ?"

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಬಾಗಿಲಲ್ಲೇ ನಿಂತ. ಒಳಗೆ ಒಂದು ಭಾರೀ ಇಂಜಿನ್ ಗುರುಗುಟ್ಟುತ್ತಿತ್ತು. ದಿಬ್ಬ ಹತ್ತಿತು, ಗೇರು ಬದಲಿಸಿತು, ಇಳಿಯಿತು. ಹೆಂಡತಿಯ ತಂದೆ, ನಿವೃತ್ತ ಬಡಗಿ, ಬಾಯಿ ತೆರೆದು ಮಲಗಿದ್ದರು.

ಸದ್ದಣ್ಣ ಕನ್ನಡಕ ತೆಗೆದಿಟ್ಟು, ಮಂಚದ ಬಳಿ ಮೊಣಕಾಲೂರಿ ಮೈಕು ಚಾಚಿದ. ಮೊಣಕೈ ತಗುಲಿ ಲೋಟ ಉರುಳಿತು. ಗೊರಕೆ ನಿಂತಿತು. ಸದ್ದಣ್ಣನ ಉಸಿರೂ ನಿಂತಿತು. ಅರೆ ನಿಮಿಷದ ಮೇಲೆ ಗೊರಕೆ ಮತ್ತೆ ಹೊರಟಿತು, ಮೊದಲಿಗಿಂತ ಜೋರಾಗಿ.

ನಾಲ್ಕೂಮುಕ್ಕಾಲಿಗೆ ಪರದೆಯ ಮೇಲೆ ಬಂಡಿ ಗುಡುಗುತ್ತ ಗುಡ್ಡ ಹತ್ತಿತು. ಯಜಮಾನರು ಕಣ್ಣು ಮುಚ್ಚಿ ಕೇಳಿದರು. "ಎಲ್ಲಿ ಸಿಕ್ತು ಮಾರಾಯ್ರೇ? ರಜೆ ಮಂಜೂರು, ಹೊರಡಿ."

ಸದ್ದಣ್ಣ ತಿರುಗಿದರೆ ಬಾಗಿಲಲ್ಲಿ ಮಾವ. ಕೈಯಲ್ಲಿ ತಮ್ಮ ಕರವಸ್ತ್ರದಲ್ಲಿ ಸುತ್ತಿದ ಅಳಿಯನ ಕನ್ನಡಕ.

"ಮರೆತು ಬಂದಿದ್ರಿ ಅಳಿಯಂದ್ರೇ. ಮಗಳು ಚೀಲ ತಗೊಂಡು ಗೇಟಿನ ಹತ್ರ ನಿಂತಿದಾಳೆ." ಆಮೇಲೆ ಕಿವಿಯಲ್ಲಿ, "ಮಧ್ಯಾಹ್ನ ಸಾಕಾಯ್ತಾ? ಲೋಟ ಬಿದ್ದಾಗ್ಲೇ ಎಚ್ಚರಾಯ್ತು. ನೀವು ಮೈಕು ಹಿಡ್ಕೊಂಡು ಕೂತಿದ್ರಿ, ಪಾಪ ಅಂತ ಇನ್ನೊಂದಿಷ್ಟು ಗೊರಕೆ ಹೊಡೆದೆ."

ಸದ್ದಣ್ಣನಿಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಮಾವನ ಕಣ್ಣು ಪರದೆಯ ಮೇಲೆ ಬಿತ್ತು.

"ಅರೆ, ನಮ್ಮ ಬಂಡಿ. ಆ ಕಾರ್ಖಾನೇಲಿ ಬಡಗಿ ಆಗಿದ್ದೆ, ಈ ಬೋಲ್ಟೆಲ್ಲ ನಾನೇ ಕಡೆದಿದ್ದು."

"ಬಡಗಿ ಬೋಲ್ಟ್ ಮಾಡ್ತಾನಾ?" ಯಜಮಾನರು ನಕ್ಕರು.

"ಮರದ ಬೋಲ್ಟು. ಬಂಡೀನೇ ಮರದ್ದು. ದೊಡ್ಡವರಿಗೆ ತೋರಿಸೋಕೆ ಮಾಡಿದ ಮಾದರಿ ಅದು. ಇಂಜಿನ್ ಎಲ್ಲಿಂದ ಬರ್ಬೇಕು? ಆರು ಜನ ತಳ್ಳಿ ಮುಂದೆ ತಂದ್ವಿ."

ಕಾರ್ಖಾನೆಯ ಬಡಗಿಯೆಂದರೆ ಮೇಜು ಕುರ್ಚಿ ಮಾಡುತ್ತಿದ್ದರೆಂದೇ ಅಳಿಯ ತಿಳಿದಿದ್ದ. ಕೇಳಿದ್ದರೆ ಹೇಳುತ್ತಿದ್ದರು. ಕೇಳಿರಲಿಲ್ಲ.

ಯಜಮಾನರ ಮುಖ ಅರಳಿತು. "ತಳ್ಳೋ ಬಂಡಿ. ಯಾವ ಆಟದಲ್ಲೂ ಇಲ್ಲ. ಸದ್ದಣ್ಣ, ಆ ಇಂಜಿನ್ ತೆಗೀರಿ. ಆರು ಜನ ತಳ್ಳೋ ಸದ್ದು ಬೇಕು. ಈಗಲೇ."

ಐದೂವರೆಗೆ ಅಂಗಳದಲ್ಲಿ ಯಜಮಾನರ ಕಾರಿನ ಹಿಂದೆ ಆರು ಜನ ಸಾಲಾದರು: ಬಣ್ಣದ ಹುಡುಗಿ, ಅಡುಗೆಯವನು, ಕಾವಲುಗಾರ, ಯಜಮಾನರು, ಕೊರಳಿಗೆ ಮೈಕು ಕಟ್ಟಿಕೊಂಡ ಸದ್ದಣ್ಣ, ಮತ್ತು ಚೀಲ ಕೆಳಗಿಟ್ಟು ಸೆರಗು ಸಿಕ್ಕಿಸಿದ ಅವನ ಹೆಂಡತಿ. ಸ್ಟೀರಿಂಗ್ ಹಿಡಿದು ಕೂತ ಮಾವ, "ಜೀವ ಹೋಗೋ ಹಾಗೆ ಏದುಸಿರು ಬಿಡಿ. ನಾವು ಹಾಗೇ ಬಿಟ್ಟಿದ್ದು," ಎಂದರು.

"ಬೇರೆ ಕಲಿಬೇಕಿಲ್ಲ ಅಪ್ಪಾ. ಇವರನ್ನ ಕಟ್ಟಿಕೊಂಡಾಗಿಂದ ಅಭ್ಯಾಸ ಇದೆ," ಎಂದಳು ಹೆಂಡತಿ.

ಮೊದಲ ಸಲ ಕಾವಲುಗಾರ ಸೀನಿದ. ಎರಡನೆಯ ಸಲ ಹುಡುಗಿಗೆ ನಗು ಬಂತು. ಮೂರನೆಯ ಸಲ ಎಲ್ಲ ಸರಿಯಾಗಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಹಿಂದಿನಿಂದ ಉದ್ದಕ್ಕೆ ಕೂಗುತ್ತ ಆರರ ರೈಲು ಹಾದುಹೋಯಿತು.

ಹೆಂಡತಿ ಚೀಲದ ಮೇಲೆ ಕುಳಿತಳು.

ಯಜಮಾನರು ಹಣೆ ಒರೆಸಿಕೊಂಡರು. "ನಿಮ್ಮ ಕಾರ್ಖಾನೆ ಹತ್ರ ರೈಲು ಓಡ್ತಿತ್ತಾ? ಇಲ್ಲಾಂದ್ರೆ ಇನ್ನೊಂದ್ಸಲ ತಳ್ಬೇಕು."

ಮಾವ ಸುಸ್ತಾದ ಮಗಳನ್ನು ನೋಡಿದರು, ಬೆವರಿಳಿಸುತ್ತಿದ್ದ ಅಳಿಯನನ್ನು ನೋಡಿದರು. ಹುಟ್ಟಿದಾಗಿನಿಂದ ಸುಳ್ಳು ಹೇಳದ ಮನುಷ್ಯ, ಇವತ್ತು ಎರಡನೆಯ ಸಲ ಅಳಿಯನಿಗಾಗಿ ಮನಸ್ಸು ಕರಗಿಸಿಕೊಂಡರು.

"ಓಡ್ತಿತ್ತು," ಎಂದರು ಮೆಲ್ಲಗೆ. "ಪಕ್ಕದಲ್ಲೇ."

"ಹೌದಾ?" ಯಜಮಾನರು ಹಿಗ್ಗಿದರು. "ಹಾಗಾದ್ರೆ ರೈಲನ್ನೂ ಆಟಕ್ಕೆ ಸೇರಿಸಿಬಿಡೋಣ. ಸದ್ದಣ್ಣ, ರಜೆ ಆಮೇಲೆ ನೋಡೋಣ. ನಾಳೆಯಿಂದ ಸಂಜೆ ಸ್ಟೇಷನ್ನಿನಲ್ಲಿ ನಿಂತು ಆ ಆರರ ರೈಲು ಹೊರಡೋ ಸದ್ದು ಹಿಡ್ಕೊಂಡು ಬನ್ನಿ."