ಹುಳುಮನೆಯಲ್ಲಿ ಹೈಡ್ರೋಜನ್

ನಮ್ಮ ಭಾವ ಹನ್ನೊಂದು ವರ್ಷದಿಂದ ಹೈಡ್ರೋಜನ್ ಹಿಡಿಯುತ್ತಿದ್ದಾರೆ. ಇದುವರೆಗೆ ಒಂದು ಬಲೂನಿನಷ್ಟೂ ಸಿಕ್ಕಿಲ್ಲ! ಸಿಗುವುದಾದರೂ ಹೇಗೆ? ಅವರು ಹಿಡಿಯುವುದೆಲ್ಲ ಕಂಪ್ಯೂಟರಿನೊಳಗೆ. ಕನಕಪುರದ ಕಾಲೇಜಿನಲ್ಲಿ ಪಾಠ ಮುಗಿಸಿ ಸಾತನೂರಿಗೆ ಬಂದವರೇ, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯ ಮೇಲೆ ಆ ಅನಿಲ ಕೂರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾರೆ. ಸಿಲಿಂಡರಿನಲ್ಲಿ ಅದುಮಿಡುವ ಬದಲು ಹಾಳೆಗೇ ಅಂಟಿಸಿಟ್ಟು ಗಾಡಿ ಓಡಿಸಬೇಕಂತೆ. ಆ ಗಾಡಿ ಯಾವಾಗ ಬರುತ್ತದೆಂದು ಬಸ್ಸಿನ ಕಂಡಕ್ಟರ್ ಒಮ್ಮೆ ಕೇಳಿಬಿಟ್ಟ. ಭಾವ ಇಳಿಯುವವರೆಗೂ ಉತ್ತರ ಹೇಳಿದರು. ಅಂದಿನಿಂದ ಆತ ಟಿಕೆಟ್ಟನ್ನೂ ಮಾತಾಡದೆ ಕೊಡುತ್ತಾನೆ.

ಬಿಗಿಯಾಗಿ ಅಂಟಿದರೆ ಬೇಕಾದಾಗ ಬಿಡುವುದಿಲ್ಲ, ಸಡಿಲವಾದರೆ ನಿಲ್ಲುವುದಿಲ್ಲ, ಇದೇ ಅವರ ಹನ್ನೊಂದು ವರ್ಷದ ತಾಪತ್ರಯ. ರೇಷ್ಮೆಹುಳು ಸಾಕುವ ನಮ್ಮಕ್ಕ ಸೊಪ್ಪು ಹಾಕುತ್ತಲೇ ಕೇಳಿಸಿಕೊಂಡು, "ನಮ್ ಚಂದ್ರಿಕೆ ಇದ್ದಂಗೆ ಅನ್ನಿ. ಗೂಡು ಉದುರ್ಬಾರ್ದು, ಕಿತ್ರೆ ಬರ್ಬೇಕು" ಅಂದಳು. ಮುಂದಿನ ವಿಚಾರಗೋಷ್ಠಿಯಲ್ಲಿ ಭಾವ ತೋರಿಸಿದ ಮೊದಲ ಚಿತ್ರವೇ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ!

ಕಂಪ್ಯೂಟರ್ ಇರುವುದು ಹುಳುಮನೆಯ ಮೂಲೆಯಲ್ಲಿ. ಕೂಲರು, ಇನ್ವರ್ಟರು ಇರುವುದು ಅಲ್ಲೊಂದೇ ಕಡೆ. ಹುಳುಗಳಿಗಿರುವ ಯೋಗ ಮನುಷ್ಯರಿಗಿಲ್ಲ. ಸೋಂಕು ತಗುಲದಂತೆ ಒಳಗೆ ಹೋಗುವವರೆಲ್ಲ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈಕಾಲು ಅದ್ದಬೇಕು. ಭಾವ ಶಿಸ್ತಿನ ಮನುಷ್ಯ, ಹೊಸ ಮೌಸನ್ನೂ ಅದ್ದಿದರು! ಮೌಸು ಸತ್ತಿತು, ಹುಳು ಕ್ಷೇಮ.

ಕಳೆದ ಬೇಸಿಗೆಯಲ್ಲಿ ಅವರ ಪಿಎಚ್.ಡಿ.ಯ ಕೊನೆಯ ಲೆಕ್ಕ ಇಪ್ಪತ್ತು ದಿನದಿಂದ ಓಡುತ್ತಿತ್ತು. ಇನ್ನೆರಡೇ ದಿನ ಬಾಕಿ. ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೂ ಎರಡೇ ದಿನ. ಮಧ್ಯಾಹ್ನ ಕರೆಂಟು ಹೋಯಿತು. ಇನ್ವರ್ಟರು ಕೂಲರನ್ನೋ ಕಂಪ್ಯೂಟರನ್ನೋ ಒಂದನ್ನು ಮಾತ್ರ ನಡೆಸೀತು. ಲೆಕ್ಕವನ್ನು ನಡುನಡುವೆ ಉಳಿಸಿಡುವ ಏರ್ಪಾಡು ಮಾಡಲು ಮಹಾಶಯರು ಮರೆತಿದ್ದರು. ನಿಂತರೆ ಮತ್ತೆ ಮೊದಲಿನಿಂದ. ಕೂಲರು ನಿಂತರೆ ಆ ಸೆಕೆಗೆ ಹುಳು ಉಳಿಯುವುದಿಲ್ಲ. ಅಕ್ಕ ಸೊಪ್ಪಿಗೆಂದು ತೋಟಕ್ಕೆ ಹೋಗಿದ್ದಳು; ಹುಳುಮನೆಯಲ್ಲಿ ಭಾವ, ನಾನು ಇಬ್ಬರೇ. ಭಾವ ಪರದೆಯನ್ನೊಮ್ಮೆ, ಹುಳುವಿನ ತಟ್ಟೆಗಳನ್ನೊಮ್ಮೆ ನೋಡಿದರು. ಕಂಪ್ಯೂಟರಿನ ಪ್ಲಗ್ ಕಿತ್ತು ಕೂಲರ್ ಹಾಕಿದರು.

ಅಕ್ಕ ಬಂದು ಕೇಳಿದಾಗ, ಲೆಕ್ಕ ಮುಗಿಯಿತು ಎಂದುಬಿಟ್ಟರು. ನನ್ನ ಕಡೆ ನೋಡಲಿಲ್ಲ. ಹನ್ನೊಂದು ವರ್ಷ ಅವರನ್ನು ಕಂಡು ನಕ್ಕಿದ್ದ ನನಗೆ ಆವತ್ತು ನಗು ಬರಲಿಲ್ಲ.

ಅಕ್ಕ ಸಂತೋಷಕ್ಕೆ ಶ್ಯಾವಿಗೆ ಪಾಯಸ ಮಾಡಿದಳು. ಭಾವ ಎರಡು ಲೋಟ ಕುಡಿದರು. ನನಗೆ ತಡೆಯಲಾಗಲಿಲ್ಲ, ಅಡುಗೆಮನೆಗೆ ಹೋಗಿ ನಿಜ ಹೇಳಲು ಬಾಯಿ ತೆರೆದೆ. ಅಕ್ಕ ಮೂರನೇ ಲೋಟ ತುಂಬಿಸುತ್ತಿದ್ದಳು.

"ಗೊತ್ತು ಕಣ್ಲಾ. ಮುಗ್ದಿದ್ರೆ ಸುಮ್ಕಿರೋರಾ ನಿಮ್ ಭಾವ? ಇಷ್ಟೊತ್ಗೆ ಆ ಕಂಡಕ್ಟರ್‌ಗೂ ಹೇಳ್ಬುಟ್ಟು ಬತ್ತಿದ್ರು. ಇದನ್ನ ಕೊಟ್ಬುಡು, ಒಸಿ ಕುಡೀಲಿ. ಹುಳ ಚಂದ್ರಿಕೆಗೆ ಹತ್ತಿದ್ಮೇಲೆ ಇನ್ವರ್ಟರು ಅವರ್ದೇ."